ಅಂಕಿತ ಬೀಳುವವರೆಗೆ

‘ಮಸೂದೆಗೆ ರಾಷ್ಟ್ರಪತಿ ಅಂಕಿತ’ ಎಂಬ ತಲೆಬರಹ ಓದುವಾಗ ವಚನ, ಕೀರ್ತನೆಗಳು ನೆನಪಾಗುವುದು ಅಪರೂಪ. ಮಾತು ಮಾತ್ರ ಅದೇ. ಬಸವಣ್ಣನ ವಚನದ ಕೊನೆಗೆ ಬಂದು ಕೂರುವುದು ಕೂಡಲಸಂಗಮದೇವ, ಅಕ್ಕನದಕ್ಕೆ ಚೆನ್ನಮಲ್ಲಿಕಾರ್ಜುನ. ಹೆಸರು ದೇವರದು, ಗುರುತು ಸಿಗುವುದು ಬರೆದವರದು. ದಾಸರಲ್ಲಂತೂ ಅಂಕಿತವನ್ನು ಗುರು ಕೊಡಬೇಕು, ಶಿಷ್ಯ ಪಡೆಯಬೇಕು.

ದೆಹಲಿಗೆ ಹೋದ ಮೇಲೆ ಕ್ರಿಯಾಪದ ಬದಲಾಯಿತು. ಅಲ್ಲಿ ಅಂಕಿತ ‘ಹಾಕುತ್ತಾರೆ’, ಇಲ್ಲವೇ ಅದು ‘ಬೀಳುತ್ತದೆ’. ಚೆಕ್ಕಿನ ಮೇಲೆ ಗೀಚುವುದು ಬರೀ ಸಹಿ. ಅರಬ್ಬಿಯಿಂದ ಬಂದ ಆ ಪದಕ್ಕೆ ಮೂಲದಲ್ಲಿ ‘ಸರಿಯಾಗಿದೆ’ ಎಂದರ್ಥ. ಹಾಗೆ ನೋಡಿದರೆ ರಾಷ್ಟ್ರಪತಿಯ ಕೆಲಸಕ್ಕೆ ಸಹಿಯೇ ಹೆಚ್ಚು ಒಪ್ಪುವ ಮಾತು! ಆದರೂ ಅಂಕಿತದ ಹಳೆಯ ವಾಸನೆ ಪೂರ್ತಿ ಹೋಗಿಲ್ಲ. ಕರಡು ಬರೆದವರು ಅಧಿಕಾರಿಗಳು, ಮಂಡಿಸಿದವರು ಸಚಿವರು, ಮತ ಹಾಕಿದವರು ಸಂಸದರು. ಕೊನೆಯ ಸಾಲಿನ ಹೆಸರು ಇವರ‍್ಯಾರದೂ ಅಲ್ಲ.

ಅಂಕ ಎಂದರೆ ಗುರುತು, ಸಂಖ್ಯೆ ಕೂಡ. ಅದು ಕಣ್ಣಿಗೆ ಕಂಡದ್ದು 2023ರ ಸೆಪ್ಟೆಂಬರ್‌ನಲ್ಲಿ. ಮಹಿಳಾ ಮೀಸಲಾತಿ ಮಸೂದೆ 19ರಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಮರುದಿನ ಪರ 454, ವಿರೋಧ 2. 21ರಂದು ರಾಜ್ಯಸಭೆಯಲ್ಲಿ ಪರ 214, ವಿರೋಧ ಸೊನ್ನೆ. 28ರಂದು ದ್ರೌಪದಿ ಮುರ್ಮು ಅವರ ಅಂಕಿತ ಬಿತ್ತು. ಸದನದೊಳಗೆ ಸಂವಿಧಾನದ 128ನೇ ತಿದ್ದುಪಡಿ ಮಸೂದೆಯಾಗಿ ಹೋದದ್ದು ಹೊರಗೆ ಬರುವಾಗ 106ನೇ ತಿದ್ದುಪಡಿ ಕಾಯ್ದೆ. ಮಂಡನೆಯಾದವುಗಳ ಲೆಕ್ಕ ಬೇರೆ, ದಡ ಮುಟ್ಟಿದವುಗಳ ಲೆಕ್ಕ ಬೇರೆ.

ಸಂವಿಧಾನ ತಿದ್ದುಪಡಿಗೆ ಅಂಕಿತ ಹಾಕಲೇಬೇಕೆಂದು 1971ರಲ್ಲೇ ಕಟ್ಟು ಮಾಡಲಾಗಿದೆ. ಸಾಮಾನ್ಯ ಮಸೂದೆಯಾದರೆ 111ನೇ ವಿಧಿಯಡಿ ರಾಷ್ಟ್ರಪತಿ ಅದನ್ನು ತಡೆಹಿಡಿಯಬಹುದು, ಒಮ್ಮೆ ಮರಳಿ ಕಳಿಸಲೂಬಹುದು. 2006ರಲ್ಲಿ ಅಬ್ದುಲ್ ಕಲಾಂ ಲಾಭದ ಹುದ್ದೆಯ ಮಸೂದೆಯನ್ನು ಹಿಂದಿರುಗಿಸಿದರು. ಸಂಸತ್ತು ಅದನ್ನು ಬದಲಿಸದೆ ಮತ್ತೆ ಕಳಿಸಿತು. ಎರಡನೇ ಸಲ ಬಂದದ್ದನ್ನು ನಿರಾಕರಿಸುವಂತಿಲ್ಲ, ಅಂಕಿತ ಬಿತ್ತು.

ಎಷ್ಟು ದಿನದೊಳಗೆ ಎಂದು ಮಾತ್ರ ಆ ವಿಧಿ ಹೇಳಿಲ್ಲ. ಈ ಸಂದು ಕಂಡುಕೊಂಡವರು ಜೈಲ್ ಸಿಂಗ್. 1986ರಲ್ಲಿ ಎರಡೂ ಸದನ ಒಪ್ಪಿದ ಅಂಚೆ ತಿದ್ದುಪಡಿ ಮಸೂದೆ, ಜನರ ಟಪಾಲು ತಡೆದು ನೋಡಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುತ್ತಿತ್ತು. ಅವರು ಅಂಕಿತ ಹಾಕಲಿಲ್ಲ, ಹಾಕುವುದಿಲ್ಲ ಎನ್ನಲಿಲ್ಲ, ಕಾಗದವನ್ನು ವಾಪಸೂ ಕಳಿಸಲಿಲ್ಲ. 1987ರ ಜುಲೈನಲ್ಲಿ ಅವರು ರಾಷ್ಟ್ರಪತಿ ಭವನ ಬಿಟ್ಟು ಹೊರಟಾಗಲೂ ಅಂಕಿತದ ಜಾಗ ಖಾಲಿಯಾಗಿಯೇ ಇತ್ತು.