ದೂರದ ಯುನಿಕ್ಸ್ ಸರ್ವರ್‌ನ ಉನ್ನತೀಕರಣ

ದೂರದ ಯುನಿಕ್ಸ್ ಸರ್ವರ್‌ನ ಉನ್ನತೀಕರಣ ಎಂದರೆ ಬೇರೊಂದು ಊರಿನ ದತ್ತಾಂಶ ಕೇಂದ್ರದಲ್ಲಿರುವ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯನ್ನು ಅಂತರಜಾಲದ ಮೂಲಕವೇ ಹೊಸ ಆವೃತ್ತಿಗೆ ಏರಿಸುವ ಕಾರ್ಯ. ಇದಕ್ಕೆ 1995ರಲ್ಲಿ ಫಿನ್ಲೆಂಡಿನಲ್ಲಿ ರೂಪುಗೊಂಡ ಎಸ್‌ಎಸ್‌ಎಚ್ ಸಂಪರ್ಕವನ್ನು ಸಾಮಾನ್ಯವಾಗಿ ಬಳಸಲಾಗುತ್ತದೆ. ಮರುಚಾಲನೆಯ ನಂತರ ಯಂತ್ರ ಏಳದಿದ್ದರೆ ಈ ಸಂಪರ್ಕವೂ ದೊರೆಯದು. ಆದ್ದರಿಂದ ಹಿಂದಿರುಗುವ ದಾರಿಯನ್ನು ಮೊದಲೇ ಸಿದ್ಧಪಡಿಸುವುದು ಇದರ ಮೂಲ ನಿಯಮ.

ಸಿದ್ಧತೆ

ಕಡತಗಳ ಪ್ರತಿಯನ್ನು ಬೇರೆ ಯಂತ್ರದಲ್ಲಿರಿಸಿ, ಅದರಿಂದ ಮರುಸ್ಥಾಪನೆ ಸಾಧ್ಯವೇ ಎಂದು ಪರೀಕ್ಷಿಸಬೇಕು. ಎಸ್‌ಎಸ್‌ಎಚ್ ಇಲ್ಲದೆಯೂ ಪ್ರವೇಶ ನೀಡುವ ಸೀರಿಯಲ್ ಕನ್ಸೋಲ್ ಲಭ್ಯವಿರಬೇಕು.

ಕ್ರಮ

ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಆದೇಶಗಳನ್ನು ‘ಸ್ಕ್ರೀನ್’ ತಂತ್ರಾಂಶದೊಳಗೆ ನಡೆಸಲಾಗುತ್ತದೆ. ಆವೃತ್ತಿಗಳನ್ನು ಹಾರಿಸಬಾರದು: ಯುನಿಕ್ಸ್ ಮಾದರಿಯ ಡೆಬಿಯನ್‌ನಲ್ಲಿ 11ರಿಂದ 12ಕ್ಕೆ, ಅನಂತರವೇ 13ಕ್ಕೆ ಏರಬೇಕು. ಫ್ರೀಬಿಎಸ್‌ಡಿಯ ‘ನೆಕ್ಸ್ಟ್‌ಬೂಟ್’ ಆದೇಶವು ಹೊಸ ಕರ್ನೆಲ್ಲನ್ನು ಒಮ್ಮೆ ಮಾತ್ರ ಪ್ರಯತ್ನಿಸುತ್ತದೆ. ಅದು ವಿಫಲವಾದರೆ ಮುಂದಿನ ಚಾಲನೆಯಲ್ಲಿ ಹಳೆಯ ಕರ್ನೆಲ್ಲೇ ಬರುತ್ತದೆ.

ಉದಾಹರಣೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸರ್ವರ್‌ಗಳು ಡೆಬಿಯನ್ ಬಳಸುತ್ತವೆ. ಇದರ ಮುಖ್ಯ ಕೇಂದ್ರಗಳು ಅಮೆರಿಕದ ವರ್ಜೀನಿಯಾ ಮತ್ತು ಟೆಕ್ಸಾಸ್‌ಗಳಲ್ಲಿವೆ. ಒಂದು ಕೇಂದ್ರದ ಹೊಣೆಯನ್ನು ಇನ್ನೊಂದಕ್ಕೆ ವರ್ಗಾಯಿಸುವ ಪರೀಕ್ಷೆ ನಿಯತವಾಗಿ ನಡೆಯುತ್ತದೆ. ಆಗ ಸಂಪಾದನೆ ಕೆಲವು ನಿಮಿಷ ಸ್ಥಗಿತಗೊಂಡರೂ ಓದುವುದಕ್ಕೆ ಅಡ್ಡಿಯಾಗುವುದಿಲ್ಲ.