ವಿ.ಪಿ. ವಾಪಸು ಬಂದರೆ ಖರ್ಚು ಯಾರದು?

ಮಾರಿದ ಸಾಮಾನು ಹಿಂದಕ್ಕೆ ಬಂದರೆ ಅದುವರೆಗೆ ಆದ ಖರ್ಚನ್ನು ಯಾರು ಹೊರಬೇಕು? ವ್ಯಾಪಾರದ ಚರಿತ್ರೆ ಬರೆದವರು ಗಂಧ, ರೇಷ್ಮೆ, ಮೆಣಸುಗಳ ವಿಷಯವಾಗಿ, ಬಂದರು ಹಡಗುಗಳ ವಿಷಯವಾಗಿ ಎಷ್ಟೋ ಬರೆದಿದ್ದಾರೆ. ಈ ಪುಟ್ಟ ಪ್ರಶ್ನೆಯನ್ನು ಅಷ್ಟಾಗಿ ಹಚ್ಚಿಕೊಂಡಂತೆ ಕಾಣೆ. ಸಣ್ಣ ವ್ಯಾಪಾರಿ ತೇಲುವುದೂ ಮುಳುಗುವುದೂ ಇದರ ಮೇಲೆಯೇ ಎಂಬುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು.

ಮೈಸೂರಿನಲ್ಲಿ ಮಂಡಿ ಮೊಹಲ್ಲಾ ಎಂಬ ಬಡಾವಣೆಯಿದೆ. ಹೆಸರಿನಲ್ಲೇ ಮಂಡಿಯಿದೆ. ಮಂಡಿ ಎಂದರೆ ಬರೀ ಅಂಗಡಿಯಲ್ಲ, ಬೇರೆಯವರ ಸರಕನ್ನು ತನ್ನ ನೆಲದ ಮೇಲೆ ಇಳಿಸಿಕೊಂಡು, ಕೊಳ್ಳುವವನನ್ನು ಹುಡುಕಿ, ನಡುವೆ ತನ್ನ ರುಸುಮು ಮುರಿದುಕೊಳ್ಳುವ ಜಾಗ. ಈ ನಡುವಿನವನು ಹೊಸಬನೇನಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಪಟ್ಟಣಸ್ವಾಮಿ ಎಂಬ ಗಣ್ಯ ಆಗಾಗ ಎದುರಾಗುತ್ತಾನೆ. ಪೇಟೆಯ ವರ್ತಕರಿಗೆ ಅವನು ಮುಖ್ಯಸ್ಥ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳೂ ಇದ್ದವು. ಸಂತೆ ಕೂಡಿಸುವವನಿಗೆ, ಕಾಯುವವನಿಗೆ, ತೂಗುವವನಿಗೆ ಒಂದೊಂದು ಹಿಡಿ ಸಲ್ಲುವುದು ಅಂದಿನಿಂದ ಬಂದ ರೂಢಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ದಲ್ಲಾಳಿಯನ್ನು ಬರೀ ಬೈದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಹಳೆಯ ಮಂಡಿಯವನು ರೈತನಿಗೆ ಬಿತ್ತನೆಯ ಕಾಲದಲ್ಲಿ ಮುಂಗಡ ಕೊಡುತ್ತಿದ್ದ. ಸರಕು ಬಂದ ದಿನ, ಕೊಂಡವನು ಇನ್ನೂ ಹಣ ಕೊಡದಿದ್ದರೂ, ತನ್ನ ಗಲ್ಲದಿಂದ ಅಷ್ಟಿಷ್ಟು ಎಣಿಸಿಕೊಡುತ್ತಿದ್ದ. ಕೊಂಡವನು ಕೈಯೆತ್ತಿದರೆ ಆ ಮುಳುಗಡೆ ಬಹುಮಟ್ಟಿಗೆ ದಲ್ಲಾಳಿಯದೇ. ಅಂದರೆ ಅವನ ರುಸುಮಿನಲ್ಲಿ ಜಾಗದ ಬಾಡಿಗೆಯ ಜೊತೆಗೆ ಭಯದ ಬೆಲೆಯೂ ಸೇರಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಭಯದ ಬೆಲೆ ನ್ಯಾಯವಾದದ್ದೇ ಆದರೂ ಅದರ ಹೆಸರಿನಲ್ಲಿ ಕೀಳುವುದಕ್ಕೆ ಮಿತಿಯಿರಲಿಲ್ಲ. ಹಮಾಲಿ, ತೂಕದವನ ಪಾಲು, ಧರ್ಮಾದಾಯ, ಸೂಟು ಎಂದು ಚೀಲದಿಂದ ಚೀಲಕ್ಕೆ ಕಳೆಯುತ್ತಿದ್ದರು. ಟವಲಿನ ಕೆಳಗೆ ಬೆರಳು ಹಿಡಿದು ಧಾರಣೆ ಕುದುರಿಸಿದರೆ ಸರಕಿನ ಯಜಮಾನನಿಗೇ ಬೆಲೆ ತಿಳಿಯದು. 1928ರಲ್ಲಿ ಕೃಷಿಯನ್ನು ಕುರಿತ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಕಾಯಿದೆಯಾಯಿತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಎಂದು 1966ರ ಕಾಯಿದೆ ಬಂತು. ಈಗ ಬಂಡೀಪಾಳ್ಯದಲ್ಲಿರುವ ಮೈಸೂರಿನ ಎ.ಪಿ.ಎಂ.ಸಿ. ಪ್ರಾಂಗಣ ಆ ಕಾಯಿದೆಯ ಕೂಸು. ಆ ಕಾಯಿದೆಯ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ ಅಂಶ ಒಂದಿದೆ: ದಲ್ಲಾಳಿಯ ಕಮಿಷನ್ನು ಕೊಳ್ಳುವವನಿಂದ ಬರಬೇಕು, ಮಾರುವ ರೈತನಿಂದ ಮುರಿಯಕೂಡದು. ನಡೆದದ್ದು ಬೇರೆ, ಬಿಡಿ. ತರಕಾರಿ ಮಂಡಿಗಳಲ್ಲಿ ನೂರಕ್ಕೆ ಹತ್ತು ಹಿಡಿದು ಬಿಳಿ ಚೀಟಿ ಬರೆದುಕೊಡುತ್ತಾರೆಂದು ರಾಜ್ಯದ ಹಲವೆಡೆ ರೈತರು ದೂರುತ್ತಲೇ ಬಂದಿದ್ದಾರೆ. ಆದರೂ ಯಾರು ಹೊರಬೇಕೆಂಬ ಪ್ರಶ್ನೆಗೆ ಕಾನೂನು ನೇರವಾಗಿ ಒಂದು ಉತ್ತರ ಬರೆದಿಟ್ಟಿತಲ್ಲ, ಅದು ಸಣ್ಣದಲ್ಲ.

ಇದೆಲ್ಲ ಸರಕು ಕಣ್ಣೆದುರಿಗೆ ಇರುವ ವ್ಯಾಪಾರದ ಮಾತಾಯಿತು. ಮಾರುವವನು ಮೈಸೂರಿನಲ್ಲಿ, ಕೊಳ್ಳುವವನು ಬೀದರಿನಲ್ಲಿ ಇದ್ದಾಗ ಏನು ಗತಿ?

ಇದಕ್ಕೆ ನಮ್ಮ ದೇಶದಲ್ಲಿ ಮೊದಲು ಉತ್ತರ ಕೊಟ್ಟದ್ದು ಅಂಚೆ ಇಲಾಖೆ. ವ್ಯಾಲ್ಯೂ ಪೇಯಬಲ್, ಅಂದರೆ ನಮ್ಮೆಲ್ಲರ ಬಾಯಿಯ ವಿ.ಪಿ., ಬ್ರಿಟಿಷ್ ಇಂಡಿಯಾದಲ್ಲಿ 1877ರಲ್ಲಿ ಶುರುವಾಯಿತು. ಮನಿಯಾರ್ಡರು ಬಂದದ್ದು ಮೂರು ವರ್ಷ ಆದಮೇಲೆ, 1880ರಲ್ಲಿ. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ್ದೆಂದು ಹೇಳುವ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷರ ಟಪಾಲು ಇಲಾಖೆಯಲ್ಲಿ ಸೇರಿಹೋಯಿತು. ಇಲಾಖೆ ಹೋದರೂ ಅಂಚೆ ಎಂಬ ಮಾತು ಕನ್ನಡದಲ್ಲಿ ಗಟ್ಟಿಯಾಗಿ ಉಳಿಯಿತು.

ವಿ.ಪಿ.ಯ ಕಟ್ಟಳೆ ಸರಳ. ಕಳಿಸುವವನು ಅಂಚೆಯ ಖರ್ಚು ಮೊದಲೇ ಕಟ್ಟಬೇಕು. ಊರಿನ ಅಂಚೆಯವನು ಬೆಲೆ ವಸೂಲು ಮಾಡಿ ಕಟ್ಟು ಕೊಡುತ್ತಾನೆ. ಆ ಹಣ ಮನಿಯಾರ್ಡರಾಗಿ ಹಿಂದಕ್ಕೆ ಬರುತ್ತದೆ, ಅದರ ಕಮಿಷನ್ನು ಪಡೆದವನ ಮೇಲೆ. ಆತ ಬೇಡವೆಂದರೆ ಕಟ್ಟು ಹಾಗೇ ವಾಪಸು, ಹೋದ ಅಂಚೆ ಖರ್ಚು ಕಳಿಸಿದವನ ತಲೆಗೆ. ಇಲಾಖೆಗೆ ಎರಡು ಕಡೆಯೂ ನಷ್ಟವಿಲ್ಲ.

ನಮ್ಮ ದೊಡ್ಡಪ್ಪನವರು ಪಂಚಾಂಗ, ವ್ರತಕಥೆ, ಹಾಡಿನ ಪುಸ್ತಕಗಳನ್ನು ಅಚ್ಚು ಹಾಕಿಸಿ ಹೀಗೆ ಕಳಿಸುತ್ತಿದ್ದರು. ಹಬ್ಬದ ಮುಂಚೆ ಹೋದ ಕಟ್ಟುಗಳಲ್ಲಿ ಕೆಲವು ಹಬ್ಬ ಮುಗಿದ ಮೇಲೆ ತಿರುಗಿ ಬರುತ್ತಿದ್ದವು. ಹುಡುಗರಾದ ನಮಗೆ ಅವುಗಳ ದಾರ ಬಿಚ್ಚುವ ಕೆಲಸ. ಕಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ನಿರಾಕರಿಸಿದ್ದಾರೆ’ ಎಂದೋ ‘ವಿಳಾಸದಾರರು ಊರಲ್ಲಿಲ್ಲ’ ಎಂದೋ ಬರೆದಿರುತ್ತಿತ್ತು. ದೊಡ್ಡಪ್ಪ ಅವನ್ನು ಒಂದು ಉದ್ದನೆಯ ಪುಸ್ತಕದಲ್ಲಿ ‘ದಂಡ’ ಎಂಬ ಅಂಕಣದಲ್ಲಿ ಬರೆದುಕೊಳ್ಳುತ್ತಿದ್ದರು. ಹೋದ ವರ್ಷದ ಪಂಚಾಂಗವನ್ನು ಈ ವರ್ಷ ಯಾರೂ ಕೊಳ್ಳುವುದಿಲ್ಲವಲ್ಲ. ಕೊನೆಗೆ ಅವರು ಎಲ್ಲ ಪ್ರಕಾಶಕರ ಹಾಗೆ ಕಾಲುಭಾಗ ಮುಂಗಡ ಬಂದರೆ ಮಾತ್ರ ಕಳಿಸುವುದೆಂದು ಜಾಹೀರಾತಿನಲ್ಲಿ ಸೇರಿಸಿದರು. ಆರ್ಡರು ಇಳಿದವು, ದಂಡವೂ ಇಳಿಯಿತು.

ಕನ್ನಡ ಪುಸ್ತಕ ವ್ಯಾಪಾರದ ಚರಿತ್ರೆಯನ್ನು ಈ ದಂಡವನ್ನು ತಪ್ಪಿಸುವ ಪ್ರಯತ್ನಗಳ ಚರಿತ್ರೆ ಎಂದು ಓದಬಹುದೆಂದು ನನ್ನ ಅನಿಸಿಕೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಡುವೆ ದಲ್ಲಾಳಿಯಿಲ್ಲ, ಕಟ್ಟು ತಿರುಗಿ ಬರುವ ಹೆದರಿಕೆಯಿಲ್ಲ. ಸವೆದದ್ದು ಅವರ ಕಾಲು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗ ಚಂದಾದಾರರ ಪಟ್ಟಿಯನ್ನು ನೆಚ್ಚಿಕೊಂಡಿತು. ಬೇಕೆಂದವರು ಯಾರೆಂದು ಮೊದಲೇ ತಿಳಿದಿದ್ದರೆ ಪುಸ್ತಕ ಧೈರ್ಯವಾಗಿ ಹೊರಡುತ್ತದೆ.

ಮೋಸ ಎರಡು ಕಡೆಯಿಂದಲೂ ಉಂಟು. ಗಡಿಯಾರ ಎಂದು ಜಾಹೀರಾತು ನೋಡಿ ಹಣ ಕಟ್ಟಿದವನಿಗೆ ಪೆಟ್ಟಿಗೆಯಲ್ಲಿ ಕಲ್ಲು ಸಿಕ್ಕಿದ ಕಥೆ ಕೇಳದವರುಂಟೆ? 1898ರ ಅಂಚೆ ಕಾಯಿದೆ ಮಾಡಿದವರಿಗೂ ಇದು ಗೊತ್ತಿದ್ದಂತಿದೆ. ಮೋಸ ನಡೆದಾಗ, ವಿ.ಪಿ.ಯಲ್ಲಿ ವಸೂಲಾದ ಹಣವನ್ನು ಕಳಿಸಿದವನಿಗೆ ಕೊಡದೆ ತಡೆಹಿಡಿದು, ಕಟ್ಟಿದವನಿಗೇ ಮರಳಿಸಲು ನಿಯಮ ಮಾಡುವ ಅಧಿಕಾರವನ್ನು ಆ ಕಾಯಿದೆಯಲ್ಲಿ ಬರೆದರು. ದೂರಿನ ವಿಚಾರಣೆಗೆ ಶುಲ್ಕ ಹಾಕುವುದಕ್ಕೂ ಅವಕಾಶವಿತ್ತು. ಈ ಕಾಯಿದೆ ನೂರಿಪ್ಪತ್ತೈದು ವರ್ಷ ಬಾಳಿತು. 2023ರ ಹೊಸ ಕಾಯಿದೆ 2024ರ ಜೂನ್‌ನಲ್ಲಿ ಜಾರಿಗೆ ಬಂದು ಅದನ್ನು ಇಲ್ಲವಾಗಿಸಿತು.

ಈಗಿನವರು ಚಾರ್ಜ್‌ಬ್ಯಾಕ್ ಎನ್ನುವುದೂ ಇದನ್ನೇ. ಹುಟ್ಟಿದ ಊರು ಮಾತ್ರ ಅಮೆರಿಕ. ಅಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಎಂಬ ಕಾರ್ಡು ಬಂತು. ಹೋಟೆಲಿನವರಿಂದ ನೂರಕ್ಕೆ ಏಳರಂತೆ ಮುರಿದುಕೊಂಡಿತು. ಕಾರ್ಡುಗಳು ಹೆಚ್ಚಿ, ತಗಾದೆಗಳೂ ಹೆಚ್ಚಿ, 1974ರಲ್ಲಿ ಅಲ್ಲಿಯ ಸಂಸತ್ತು ಒಂದು ಕಾನೂನು ಮಾಡಿತು. ಸಾಮಾನು ಕೈಸೇರದೆ ಬಿಲ್ಲು ಬಂದರೆ ಅರುವತ್ತು ದಿನದೊಳಗೆ ಬ್ಯಾಂಕಿಗೆ ಬರೆದು ಹಣ ಕಟ್ಟದೆ ನಿಲ್ಲಿಸುವ ಹಕ್ಕು ಗಿರಾಕಿಗೆ ಸಿಕ್ಕಿತು. ಅದರ ಸುತ್ತ ಕಾರ್ಡು ಕಂಪನಿಗಳು ತಮ್ಮ ನಿಯಮಗಳನ್ನು ಹೆಣೆದವು. ಗಿರಾಕಿ ದೂರಿತ್ತರೆ ಅವನ ಬ್ಯಾಂಕು ಅಂಗಡಿಯವನ ಬ್ಯಾಂಕಿನಿಂದ ಹಣ ಎಳೆಯುತ್ತದೆ. ಆ ಬ್ಯಾಂಕು ಅಂಗಡಿಯವನ ಖಾತೆಯಿಂದ ಎಳೆಯುತ್ತದೆ, ಮೇಲೊಂದು ಶುಲ್ಕವನ್ನೂ ಹಾಕುತ್ತದೆ. ಸಾಮಾನು ತಲುಪಿಸಿದ್ದಕ್ಕೆ ಸಾಕ್ಷಿಯನ್ನು ಅಂಗಡಿಯವನು ಗಡುವಿನೊಳಗೆ ಹಾಜರುಪಡಿಸಬೇಕು. ಹಣ ಮೊದಲು ಹೋಗುತ್ತದೆ, ನ್ಯಾಯ ಆಮೇಲೆ.

ಕಂಪ್ಯೂಟರಿನೊಳಗೇ ಸಂತೆ ಕೂಡಿದಾಗ ಈ ಸರಪಳಿಗೆ ಇನ್ನೊಂದು ಕೊಂಡಿ ಬಿತ್ತು. ಅಮೆರಿಕದಲ್ಲಿ ಈಬೇ ಹುಟ್ಟಿದ್ದು 1995ರಲ್ಲಿ. ಅದನ್ನು ಕಟ್ಟಿದ ಪಿಯರ್ ಒಮಿಡ್ಯಾರ್ ಮೊದಲು ಯಾರಿಂದಲೂ ಏನೂ ಕೇಳಲಿಲ್ಲ. ಇಂಟರ್ನೆಟ್ಟಿನ ಬಾಡಿಗೆ ಏರಿದಾಗ ಮಾರಾಟದಲ್ಲಿ ಪಾಲು ಕೇಳಿದ. ನೆಲಬಾಡಿಗೆಗೆ ಸುಂಕ, ಥೇಟು ಹಳೆಯ ಸಂತೆ! ನಮ್ಮಲ್ಲಿ 2000ದಲ್ಲಿ ಬಾಜಿ ಬಂತು, 2004ರಲ್ಲಿ ಈಬೇ ಅದನ್ನು ಕೊಂಡಿತು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರುತ್ತ ಶುರುವಾಯಿತು. ಕಾರ್ಡು ಇಲ್ಲದವರಿಗೆ, ಇದ್ದರೂ ನಂಬದವರಿಗೆ ಮಾರುವುದು ಹೇಗೆ? 2010ರಲ್ಲಿ ಅವರು ಸಾಮಾನು ಬಾಗಿಲಿಗೆ ಬಂದ ಮೇಲೆ ದುಡ್ಡು ಕೊಡಿ ಎಂದರು. ಪತ್ರಿಕೆಗಳೆಲ್ಲ ಇದನ್ನು ದೊಡ್ಡ ಹೊಸತೆಂದು ಕೊಂಡಾಡಿದವು. 1877ರ ವಿ.ಪಿ. ಎದ್ದು ಬಂದು ಬಾಗಿಲು ತಟ್ಟಿದಂತೆ ನನಗೆ ಅನ್ನಿಸಿತು. ವಾಪಸು ಬರುವ ಚಾಳಿಯೂ ಜೊತೆಗೇ ಬಂತು. ಆ ವ್ಯಾಪಾರದವರು ಅದಕ್ಕೆ ಆರ್‌ಟಿಒ ಎನ್ನುತ್ತಾರೆ. ಡ್ರೈವಿಂಗ್ ಲೈಸೆನ್ಸಿನ ಕಚೇರಿಯಲ್ಲ, ಹೊರಟಲ್ಲಿಗೇ ಹಿಂದಿರುಗಿದ ಕಟ್ಟು.

ಕಾರ್ಡಿನ ವಂಚನೆಯ ಮಟ್ಟಿಗೆ ನಮ್ಮ ರಿಸರ್ವ್ ಬ್ಯಾಂಕು ಚುರುಕಾಗಿತ್ತೆಂದೇ ಹೇಳಬೇಕು. 2009ರಿಂದ ಇಂಟರ್ನೆಟ್ಟಿನಲ್ಲಿ ಕಾರ್ಡು ಬಳಸಲು ಇನ್ನೊಂದು ಗುಟ್ಟಿನ ಸಂಖ್ಯೆ ಕಡ್ಡಾಯವಾಯಿತು. 2017ರ ಜುಲೈ ಸುತ್ತೋಲೆಯಂತೆ, ಬ್ಯಾಂಕಿನದೂ ಗಿರಾಕಿಯದೂ ತಪ್ಪಿಲ್ಲದೆ ಹೊರಗಿನವರಿಂದ ಮೋಸವಾದಾಗ, ಗಿರಾಕಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ. ಕೊಳ್ಳುವವರ ದೂರುಗಳಿಗಾಗಿ 2020ರಲ್ಲಿ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳೂ ಬಂದವು. ಕೊಳ್ಳುವವನನ್ನು ಕಾಯುವವರು ಇಷ್ಟು ಮಂದಿ. ಮಾರುವವನ ಕಥೆ?

ಮಂಡಿ ಮೊಹಲ್ಲಾದ ಕಡೆ ಬೀಟೆಮರದಲ್ಲಿ ಚಿತ್ರ ಕೂರಿಸುವ ಕುಶಲಕರ್ಮಿಗಳಿದ್ದಾರೆ. ಅರಮನೆಯ ಬಾಗಿಲುಗಳನ್ನು ನೋಡಿದವರಿಗೆ ಆ ಕೆಲಸದ ಪರಿಚಯವಿರುತ್ತದೆ. ಅಂದು ದಂತ ಕೂರಿಸುತ್ತಿದ್ದರು. ದಂತದ ವ್ಯಾಪಾರ ನಿಷೇಧವಾದ ಮೇಲೆ ಬಗೆಬಗೆಯ ಬಣ್ಣದ ಮರದ ಚೂರುಗಳನ್ನು. ಅಲ್ಲಿಯ ಒಬ್ಬರು, ನನ್ನ ಪರಿಚಯದವರು, ಮಗನ ಒತ್ತಾಯಕ್ಕೆ ಸಣ್ಣ ಪೆಟ್ಟಿಗೆಗಳನ್ನು ಇಂಟರ್ನೆಟ್ ಸಂತೆಯೊಂದರಲ್ಲಿ ಮಾರಲು ಶುರುಮಾಡಿದರು. ಅವರೊಂದಿಗೆ ಕೂತು ಒಂದು ಸಂಜೆ ನಾನು ಹಾಕಿದ ಲೆಕ್ಕ ಹೀಗಿದೆ, ಸಂಖ್ಯೆಗಳನ್ನು ಸುಲಭಕ್ಕಾಗಿ ದುಂಡಗೆ ಮಾಡಿದ್ದೇನೆ, ತೆರಿಗೆಯನ್ನು ಬಿಟ್ಟಿದ್ದೇನೆ. ಪೆಟ್ಟಿಗೆಯ ಬೆಲೆ 1000 ರೂಪಾಯಿ. ಸಂತೆಯವರ ಕಮಿಷನ್ನು 120, ಸಾಗಾಟ 110. ಕೈಗೆ ಬಂದದ್ದು 770. ಮರ, ಪಾಲಿಷ್, ಕೂಲಿ 640. ಉಳಿದದ್ದು 130. ಕೊಂಡವರು ಬೇಡವೆಂದು ಕಳಿಸಿದರೆ ಕಮಿಷನ್ನು ಮರಳಿತೆಂದೇ ಇಟ್ಟುಕೊಳ್ಳಿ. ಹೋಗಿ ಬರುವ ಸಾಗಾಟ 220 ಇವರ ಮೇಲೆ. ಎರಡು ಪೆಟ್ಟಿಗೆ ಮಾರಿದ ಲಾಭದ ಹತ್ತಿರ ಹತ್ತಿರ. ಬಂದ ಪೆಟ್ಟಿಗೆ ಮೂಲೆ ಒಡೆದಿದ್ದರೆ 860 ಹೋಯಿತು. ಆರು ಪೆಟ್ಟಿಗೆಯ ಲಾಭ ಹಾಕಿದರೂ ತುಂಬದು.

ಒಮ್ಮೆ ಅವರಿಗೆ ಮರಳಿ ಬಂದದ್ದು ಅವರ ಪೆಟ್ಟಿಗೆಯೇ ಅಲ್ಲ, ಯಾವುದೋ ಪ್ಲೈವುಡ್ಡಿನ ಡಬ್ಬ. ದೂರಿತ್ತರು. ನಾಲ್ಕು ದಿನದ ಮೇಲೆ ‘ನಿಮ್ಮ ಕೋರಿಕೆಯನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ’ ಎಂಬ ಒಕ್ಕಣೆ ಬಂತು. ಯಾರು ಪರಿಶೀಲಿಸಿದರು, ಏನನ್ನು ನೋಡಿ, ತಿಳಿಯಲಿಲ್ಲ. ಸುಂಕದವನಿಗಾದರೂ ಒಂದು ಕಟ್ಟೆಯಿತ್ತು, ಹೋಗಿ ನಿಲ್ಲಬಹುದಿತ್ತು.

ಹಳೆಯ ಮಂಡಿಗೂ ಹೊಸದಕ್ಕೂ ವ್ಯತ್ಯಾಸ ನನಗೆ ಇಲ್ಲಿ ಕಾಣುತ್ತದೆ. ಹಳೆಯವನ ರುಸುಮಿನಲ್ಲಿ ಭಯದ ಬೆಲೆ ಸೇರಿತ್ತು, ಮುಳುಗಿದರೆ ಅವನೂ ಮುಳುಗುತ್ತಿದ್ದ. ಹೊಸಬ ರುಸುಮನ್ನು ಇಟ್ಟುಕೊಂಡು, ಭಯವನ್ನು ಎಷ್ಟೋ ಸಲ ಮಾರುವವನಿಗೇ ದಾಟಿಸುತ್ತಾನೆ. ಎಲ್ಲರೂ ಹಾಗೆಂದಲ್ಲ. ಕೈಕೆಲಸದ ವಸ್ತುಗಳನ್ನು ಮಾರಿಸುವ ಎಟ್ಸಿ ಎಂಬ ಅಮೆರಿಕದ ಸಂತೆ 2022ರ ಏಪ್ರಿಲ್‌ನಲ್ಲಿ ತನ್ನ ಪಾಲನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿತು, ಮಾರುವವರು ಮುಷ್ಕರ ಹೂಡಿದರು. ಅದೇ ವರ್ಷ ಆಗಸ್ಟಿನಿಂದ, ನಿಯಮದಂತೆ ಕಳಿಸಿದವರ 250 ಡಾಲರಿನವರೆಗಿನ ತಗಾದೆಗಳ ನಷ್ಟವನ್ನು ತಾನೇ ಹೊರುವುದಾಗಿ ಅದು ಹೇಳಿತು. ಬೆಂಗಳೂರಿನ ಮೀಶೋ 2021ರಲ್ಲಿ ಕಮಿಷನ್ನೇ ಬೇಡವೆಂದಿತು. ಆದರೆ ಸಾಗಾಟ, ಜಾಹೀರಾತು, ವಾಪಸಾತಿಗಳ ಲೆಕ್ಕ ಬೇರೆ ಅಂಕಣಗಳಲ್ಲಿ ಇದ್ದೇ ಇರುತ್ತದೆ. 1966ರಲ್ಲಿ ರೈತನಿಗಾಗಿ ಬರೆದಂತೆ, ಮುರಿತ ಮಾರುವವನಿಂದ ಬೇಡ ಎನ್ನುವ ಕಾನೂನು ಈ ಹೊಸ ಸಂತೆಗೆ ಬಂದಿಲ್ಲ.

ನನ್ನ ಪರಿಚಯದವರು ಮಾರುವುದನ್ನು ಬಿಡಲಿಲ್ಲ. ಈಗ ಪ್ರತಿ ಪೆಟ್ಟಿಗೆಯ ಅಡಿಯಲ್ಲಿ ಮಗ ಉಳಿಯ ಮೊನೆಯಿಂದ ಒಂದು ಸಣ್ಣ ಸಂಖ್ಯೆ ಕೊರೆಯುತ್ತಾನೆ. ಕಟ್ಟುವಾಗ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾನೆ, ವಾಪಸು ಬಂದದ್ದನ್ನು ಬಿಚ್ಚುವಾಗಲೂ ಹಿಡಿಯುತ್ತಾನೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ತಂದೆ ಸಂಖ್ಯೆಗಳನ್ನು ಬರೆದುಕೊಳ್ಳುತ್ತಾರೆ. ಹೋದ ತಿಂಗಳು ನಾನು ನೋಡಿದಾಗ ಇಪ್ಪತ್ತೆಂಟು ಹೋಗಿದ್ದವು, ಮೂರು ಬಂದಿದ್ದವು, ಒಂದರ ತಗಾದೆ ಇನ್ನೂ ನಡೆಯುತ್ತಿತ್ತು.