ನಡೆಯುತ್ತಿರುವ ಕರ್ನಲ್‌ಗೆ ಪ್ರಶ್ನೆ: ಟ್ರೇಸಿಂಗ್ ಸ್ಕ್ರಿಪ್ಟ್ ಭಾಷೆಗಳ ಮಿತಿ ಮತ್ತು ಬಲ

ಆಪರೇಟಿಂಗ್ ಸಿಸ್ಟಮ್‌ನ ಕಾರ್ಯಕ್ಷಮತೆಯನ್ನು ಅಳೆಯುವ ವಿಧಾನಗಳಲ್ಲಿ ಎರಡು ಮುಖ್ಯವಾದವು. ಪ್ರೊಸೆಸರ್ ಯಾವ ಫಂಕ್ಷನ್ ನಡೆಸುತ್ತಿದೆ ಎಂಬುದನ್ನು ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಇಣುಕಿ ನೋಡಿ, ಹೀಗೆ ಕೂಡಿಬಂದ ಮಾದರಿಗಳಿಂದ ಒಟ್ಟು ಸಮಯ ಎಲ್ಲಿ ಖರ್ಚಾಯಿತೆಂದು ಅಂದಾಜು ಮಾಡುವುದು ಪ್ರೊಫೈಲಿಂಗ್. ಕಡತ ತೆರೆಯುವುದು, ಡಿಸ್ಕ್‌ಗೆ ಬೇಡಿಕೆ ಸಲ್ಲಿಸುವುದು, ಥ್ರೆಡ್ ಒಂದು ಪ್ರೊಸೆಸರನ್ನು ಬಿಟ್ಟುಕೊಡುವುದು ಮುಂತಾದ ಘಟನೆಗಳನ್ನು ಅವು ನಡೆದಾಗಲೆಲ್ಲ ಒಂದೊಂದಾಗಿ ಹಿಡಿಯುವುದು ಟ್ರೇಸಿಂಗ್. ಮೊದಲನೆಯದರ ಖರ್ಚು ಕಡಿಮೆ, ಆದರೆ ಪ್ರೊಸೆಸರ್ ಮೇಲೆ ಇಲ್ಲದೆ ಯಾವುದಕ್ಕೋ ಕಾಯುತ್ತಿರುವ ಥ್ರೆಡ್ ಆ ಮಾದರಿಗಳಲ್ಲಿ ಕಾಣಿಸುವುದೇ ಇಲ್ಲ. ಎರಡನೆಯದು ಕಾಯುವಿಕೆಯನ್ನೂ ನಿಖರವಾಗಿ ಹಿಡಿಯುತ್ತದೆ, ಆದರೆ ಘಟನೆಗಳು ಸೆಕೆಂಡಿಗೆ ಲಕ್ಷಗಟ್ಟಲೆ ನಡೆಯುವಲ್ಲಿ ಅಳತೆಯ ಭಾರವೇ ಅಳೆಯುವ ವಸ್ತುವನ್ನು ಬದಲಿಸಿಬಿಡುತ್ತದೆ. ಇವೆರಡನ್ನೂ ಒಂದೇ ಭಾಷೆಯ ಕೆಲವು ಸಾಲುಗಳ ಸ್ಕ್ರಿಪ್ಟ್‌ನಿಂದ, ಬಳಕೆದಾರರ ಕೆಲಸ ನಡೆಯುತ್ತಿರುವ ಸರ್ವರ್ ಮೇಲೆಯೇ, ಅದನ್ನು ನಿಲ್ಲಿಸದೆ ಮಾಡುವುದು ಈ ಶತಮಾನದ ಮೊದಲ ದಶಕದಲ್ಲಿ ಸಾಧ್ಯವಾಯಿತು. ಆ ಭಾಷೆಗಳ ವಿನ್ಯಾಸಕಾರರು ಬೇಕೆಂದೇ ಕೈಬಿಟ್ಟ ಸೌಲಭ್ಯಗಳೇ ಈ ಸಾಧ್ಯತೆಗೆ ತಳಹದಿ ಎಂಬುದು ಪ್ರಸ್ತುತ ಲೇಖನದ ವಾದ.

ಹಿಂದಿನ ಸಾಧನಗಳ ಕೊರತೆಯನ್ನು ಸಂಕ್ಷೇಪವಾಗಿ ನೋಡಬಹುದು. 1982ರಲ್ಲಿ ಬರ್ಕ್‌ಲಿಯಲ್ಲಿ ಸಿದ್ಧವಾದ ಜಿಪ್ರೊಫ್, ಯಾವ ಫಂಕ್ಷನ್ ಯಾವುದನ್ನು ಎಷ್ಟು ಸಲ ಕರೆಯಿತೆಂಬ ಲೆಕ್ಕವನ್ನು ಕೊಡುತ್ತಿತ್ತಾದರೂ, ಅದಕ್ಕಾಗಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕಾಗಿತ್ತು. ಎಸ್‌ಟ್ರೇಸ್ ಸಿಸ್ಟಮ್ ಕಾಲ್‌ಗಳನ್ನು, ಅಂದರೆ ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಬೇಡಿಕೆಗಳನ್ನು, ಇದ್ದದ್ದಿದ್ದಂತೆ ತೋರಿಸುತ್ತದೆ. ಆದರೆ ಪ್ರತಿ ಕಾಲ್‌ನ ಪ್ರವೇಶದಲ್ಲೊಮ್ಮೆ ನಿರ್ಗಮನದಲ್ಲೊಮ್ಮೆ ಪ್ರೋಗ್ರಾಮನ್ನು ನಿಲ್ಲಿಸಿ ತನಗೆ ಸರದಿ ಪಡೆದುಕೊಳ್ಳುವುದರಿಂದ, ಭಾರ ಹೊತ್ತ ಡೇಟಾಬೇಸ್ ಸರ್ವರ್ ಮೇಲೆ ಅದನ್ನು ಹಚ್ಚಲು ಅನುಭವಿಗಳು ಹಿಂಜರಿಯುತ್ತಾರೆ. ಕರ್ನಲ್‌ನ ಒಳಗೇ ನೋಡಬೇಕೆಂದರೆ ಮುದ್ರಣ ಸಾಲುಗಳನ್ನು ಸೇರಿಸಿ, ಕರ್ನಲ್ ಕಂಪೈಲ್ ಮಾಡಿ, ಯಂತ್ರವನ್ನು ರೀಬೂಟ್ ಮಾಡುವುದೇ ಸಾಮಾನ್ಯ ದಾರಿಯಾಗಿತ್ತು, ಮತ್ತು ಬಹಳಷ್ಟು ಸಲ ರೀಬೂಟ್ ಆದೊಡನೆ ಹುಡುಕುತ್ತಿದ್ದ ತೊಂದರೆಯೇ ಮಾಯವಾಗಿರುತ್ತಿತ್ತು.

ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರಯನ್ ಕ್ಯಾಂಟ್ರಿಲ್, ಮೈಕ್ ಶಪಿರೋ ಮತ್ತು ಆಡಂ ಲೆವೆಂತಾಲ್ 2004ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಡಿಟ್ರೇಸ್ ಈ ಸ್ಥಿತಿಗೆ ಉತ್ತರವಾಗಿ ಬಂತು. 2005ರ ಜನವರಿಯಲ್ಲಿ ಸೊಲಾರಿಸ್ 10ರ ಭಾಗವಾಗಿ ಬಿಡುಗಡೆಯಾದ ಈ ವ್ಯವಸ್ಥೆಯಲ್ಲಿ ಪ್ರೋಬ್, ಅಂದರೆ ಕೋಡ್‌ನ ನಿರ್ದಿಷ್ಟ ಜಾಗದಲ್ಲಿ ವೀಕ್ಷಣೆಗೆ ತೆರೆದಿಟ್ಟ ಬಿಂದು, ಮೂವತ್ತು ಸಾವಿರಕ್ಕೂ ಹೆಚ್ಚು ಕಡೆ ಲಭ್ಯವಿತ್ತು. ಹಾಗಿದ್ದೂ ಯಾರೂ ಬಳಸದಿದ್ದಾಗ ಅವುಗಳ ಖರ್ಚು ಶೂನ್ಯ, ಏಕೆಂದರೆ ಬೇಕಾದಾಗ ಮಾತ್ರ ಕರ್ನಲ್‌ನ ಮೂಲ ಸೂಚನೆಯನ್ನು ತೆಗೆದು ಆ ಜಾಗದಲ್ಲಿ ಬೇರೊಂದನ್ನು ಕೂರಿಸಿ, ಕೆಲಸ ಮುಗಿದ ಮೇಲೆ ಮೊದಲಿನದನ್ನೇ ಮರಳಿಸಲಾಗುತ್ತದೆ. ಪ್ರೋಬ್, ಅದಕ್ಕೊಂದು ಷರತ್ತು, ಷರತ್ತು ಪೂರೈಸಿದರೆ ನಡೆಯಬೇಕಾದ ಕ್ರಿಯೆ ಎಂಬ ಮೂರು ಭಾಗಗಳ ಡಿ ಭಾಷೆಯ ರೂಪ ಯೂನಿಕ್ಸ್ ಬಲ್ಲವರಿಗೆ ಆಕ್ ಭಾಷೆಯಿಂದಲೇ ಪರಿಚಿತ.

ನಡೆಯುತ್ತಿರುವ ಕರ್ನಲ್‌ಗೆ ಪ್ರೋಬ್ ಹಾಕುವ ಪ್ರಯೋಗಗಳು ಡಿಟ್ರೇಸ್‌ಗಿಂತ ಮೊದಲೇ ನಡೆದಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕರ್ನ್‌ಇನ್‌ಸ್ಟ್ 1999ರಲ್ಲೇ ಅದನ್ನು ಮಾಡಿ ತೋರಿಸಿತ್ತು. ಹೀಗಾಗಿ ಡಿಟ್ರೇಸ್‌ನ ಹೆಚ್ಚು ದೊಡ್ಡ ಕೊಡುಗೆಯನ್ನು ಬೇರೆಡೆ ಹುಡುಕಬೇಕಾಗುತ್ತದೆ. ಘಟನೆಯ ವಿವರಗಳನ್ನೆಲ್ಲ ಹೊರಗೆ ಸಾಗಿಸಿ ಆಮೇಲೆ ಕೂಡಿ ಕಳೆಯುವ ಬದಲು, ಎಣಿಕೆ, ಮೊತ್ತ, ಗರಿಷ್ಠ, ಹಂಚಿಕೆ ಇವುಗಳನ್ನು ಘಟನೆ ನಡೆದ ಜಾಗದಲ್ಲೇ, ಪ್ರತಿ ಪ್ರೊಸೆಸರ್‌ಗೂ ಪ್ರತ್ಯೇಕವಾದ ಮೆಮೊರಿಯಲ್ಲಿ ಒಟ್ಟುಗೂಡಿಸುವ ಕ್ರಮ ಅದು. ಮೊತ್ತಗಳ ಮೊತ್ತವೂ ಮೊತ್ತವೇ, ಗರಿಷ್ಠಗಳ ಗರಿಷ್ಠವೂ ಗರಿಷ್ಠವೇ. ಆದ್ದರಿಂದ ಪ್ರೊಸೆಸರ್‌ಗಳು ಒಂದಕ್ಕೊಂದು ಕಾಯದೆ ತಮ್ಮ ತಮ್ಮ ಲೆಕ್ಕ ಇಟ್ಟುಕೊಂಡು, ಕೊನೆಗೊಮ್ಮೆ ಎಲ್ಲವನ್ನೂ ಸೇರಿಸಿದರೂ ಉತ್ತರ ತಪ್ಪುವುದಿಲ್ಲ. ಮಧ್ಯಾಂಕಕ್ಕೆ ಈ ಗುಣವಿಲ್ಲ, ಆದ್ದರಿಂದ ಅದಕ್ಕೆ ಡಿ ಭಾಷೆಯಲ್ಲಿ ಜಾಗವೂ ಇಲ್ಲ. ಕೋಟ್ಯಂತರ ಘಟನೆಗಳು ಇಪ್ಪತ್ತು ಮೂವತ್ತು ಸಾಲುಗಳ ಕೋಷ್ಟಕವಾಗಿ ಹೊರಬರುವುದು ಇದರಿಂದಲೇ.

ಇದರ ಫಲವನ್ನು ತೋರಿಸಲು ಆ ಮೂವರು ತಮ್ಮ ಪ್ರಬಂಧದಲ್ಲಿ ವಿವರಿಸಿದ ಪ್ರಕರಣವೊಂದನ್ನು ನೆನೆಯುವುದು ಯುಕ್ತ. ನೂರಕ್ಕೂ ಹೆಚ್ಚು ಜನ ಏಕಕಾಲಕ್ಕೆ ಬಳಸುತ್ತಿದ್ದ ಸನ್ ರೇ ಸರ್ವರ್ ಒಂದು ವಿಪರೀತ ನಿಧಾನವಾಗಿತ್ತು. ಸಾಂಪ್ರದಾಯಿಕ ಸಾಧನಗಳು ಹೇಳಬಲ್ಲದ್ದು ಒಂದೇ ಸಂಗತಿಯನ್ನು: ಒಂದು ಪ್ರೊಸೆಸರ್ ಇನ್ನೊಂದರ ಕೆಲಸಕ್ಕೆ ಅಡ್ಡಬಂದು ಸಂದೇಶ ಕಳಿಸುವ ಕ್ರಾಸ್ ಕಾಲ್‌ಗಳ ಸಂಖ್ಯೆ ಅತಿಯಾಗಿದೆ. ಅವು ಯಾರಿಂದ ಎಂಬುದಕ್ಕೆ ಒಂದು ಸ್ಕ್ರಿಪ್ಟ್, ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಕಡೆಗೆ ಬೊಟ್ಟು ಮಾಡಿತು; ಅದು ಏಕೆ ಹಾಗೆ ಮಾಡುತ್ತಿದೆ ಎಂಬ ಮುಂದಿನ ಪ್ರಶ್ನೆಗೆ, ಅದು ಮೆಮೊರಿಯನ್ನು ಪದೇ ಪದೇ ಪಡೆದು ಹಿಂದಿರುಗಿಸುತ್ತಿರುವುದು ಕಂಡಿತು; ಯಾರ ಬೇಡಿಕೆಯ ಮೇರೆಗೆ ಎಂದು ಇನ್ನೊಂದು ಹೆಜ್ಜೆ ಹಿಂದೆ ಹೋದಾಗ, ಬಳಕೆದಾರರ ಡೆಸ್ಕ್‌ಟಾಪ್ ಮೇಲೆ ಷೇರು ದರಗಳನ್ನು ಓಡಿಸುವ ಪುಟ್ಟ ಆಪ್ಲೆಟ್ ಒಂದು ಸಿಕ್ಕಿತು. ರೋಗಲಕ್ಷಣ ಕರ್ನಲ್‌ನ ತಳದಲ್ಲಿ, ಕಾರಣ ಪರದೆಯ ಅಂಚಿನಲ್ಲಿ. ಇವೆರಡರ ನಡುವಿನ ಪದರಗಳನ್ನೆಲ್ಲ ಒಂದೇ ಭಾಷೆ ದಾಟಿತು. ಒಂದು ಉತ್ತರ ಮುಂದಿನ ಪ್ರಶ್ನೆಯನ್ನು ಹುಟ್ಟಿಸುವ ಈ ನಡೆಗೆ ಸ್ಕ್ರಿಪ್ಟ್ ಎಂಬ ರೂಪವೇ ತಕ್ಕದ್ದು, ಏಕೆಂದರೆ ಕೊನೆಯ ಪ್ರಶ್ನೆ ಏನಾಗಬಹುದೆಂದು ಮೊದಲೇ ಊಹಿಸಿ ಅದಕ್ಕೊಂದು ಸಿದ್ಧ ಉಪಕರಣವನ್ನು ಯಾರೂ ಮಾಡಿಟ್ಟಿರಲು ಸಾಧ್ಯವಿಲ್ಲ.

ಇನ್ನು ಕೈಬಿಟ್ಟ ಸೌಲಭ್ಯಗಳು. ಮೂಲ ಡಿ ಭಾಷೆಯಲ್ಲಿ ಲೂಪ್ ಇಲ್ಲ, ಬಳಕೆದಾರನೇ ಬರೆಯಬಹುದಾದ ಫಂಕ್ಷನ್ ಇಲ್ಲ, ಕರ್ನಲ್‌ನ ಮೆಮೊರಿಯಲ್ಲಿ ಮನಬಂದಂತೆ ಬರೆಯುವ ಅವಕಾಶವಿಲ್ಲ. ಪ್ರೋಬ್‌ನ ಕ್ರಿಯೆ ನಡೆಯುವಾಗ ಆ ಪ್ರೊಸೆಸರ್‌ನಲ್ಲಿ ಇಂಟರಪ್ಟ್‌ಗಳನ್ನು ತಡೆಹಿಡಿಯಲಾಗುವುದರಿಂದ, ಅಲ್ಲೊಂದು ಕೊನೆಯಿಲ್ಲದ ಲೂಪ್ ಸೇರಿಕೊಂಡರೆ ಇಡೀ ಯಂತ್ರ ಸ್ತಬ್ಧವಾಗುತ್ತದೆ. ಹಿಂದಕ್ಕೆ ಜಿಗಿಯುವ ಸೂಚನೆಯೇ ಇಲ್ಲದ ಕೋಡ್ ಮಾತ್ರ ಮುಗಿದೇ ತೀರುತ್ತದೆಂದು ನೋಡಿದೊಡನೆ ಹೇಳಬಹುದು. ತಪ್ಪು ವಿಳಾಸದಿಂದ ಓದಲು ಹೋದರೆ ಕರ್ನಲ್ ಕುಸಿಯುವುದಿಲ್ಲ, ಆ ಕ್ರಿಯೆ ಮಾತ್ರ ನಿಂತು ದೋಷ ವರದಿಯಾಗುತ್ತದೆ. ಬಫರ್ ತುಂಬಿದರೆ ವ್ಯವಸ್ಥೆಯನ್ನು ಕಾಯಿಸದೆ ದತ್ತಾಂಶವನ್ನೇ ಚೆಲ್ಲಿ, ಎಷ್ಟು ಚೆಲ್ಲಿದೆ ಎಂಬುದನ್ನು ತಿಳಿಸಲಾಗುತ್ತದೆ.

ಲಿನಕ್ಸ್‌ನಲ್ಲಿ ಇದೇ ಗುರಿಯತ್ತ ಸಾಗಿದ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದು ಬೆಂಗಳೂರಿನಲ್ಲಿದೆ ಎಂಬುದು ಕನ್ನಡ ಓದುಗರಿಗೆ ಇನ್ನೂ ಹೆಚ್ಚು ತಿಳಿದಿರಬೇಕಾದ ಸಂಗತಿ. ಕರ್ನಲ್‌ನಲ್ಲಿ ಎಲ್ಲಿ ಬೇಕಾದರೂ ಪ್ರೋಬ್ ಹಾಕಲು ನೆರವಾಗುವ ಕೆಪ್ರೋಬ್ಸ್‌ನ ಮೂಲ ಕಡತದ ತಲೆಬರಹದಲ್ಲಿ, 2002ರ ಅಕ್ಟೋಬರ್‌ನಲ್ಲಿ ಅದರ ಮೊದಲ ರೂಪವನ್ನು ಬರೆದ ವಂಶಿ ಕೃಷ್ಣ, 2004ರಲ್ಲಿ ಅದನ್ನು ಬೆಳೆಸಿದ ಸುಪರ್ಣಾ ಭಟ್ಟಾಚಾರ್ಯ ಮತ್ತು ಪ್ರಸನ್ನ ಪಂಚಮುಖಿ ಇವರ ಹೆಸರುಗಳಿವೆ. ಮೂವರೂ ಆಗ ಐಬಿಎಂನ ಬೆಂಗಳೂರು ಸಾಫ್ಟ್‌ವೇರ್ ಲ್ಯಾಬ್‌ನ ಲಿನಕ್ಸ್ ತಂಡದಲ್ಲಿದ್ದವರು. 2004ರಲ್ಲಿ 2.6.9 ಆವೃತ್ತಿಯೊಂದಿಗೆ ಕೆಪ್ರೋಬ್ಸ್ ಮುಖ್ಯ ಕರ್ನಲ್‌ಗೆ ಸೇರಿತು. ಬಳಕೆದಾರರ ಪ್ರೋಗ್ರಾಮ್‌ಗಳಿಗೂ ಅದೇ ಸೌಲಭ್ಯ ಕೊಡುವ ಅಪ್ರೋಬ್ಸ್, ಅದೇ ಸಂಸ್ಥೆಯ ಶ್ರೀಕರ್ ದ್ರೋಣಂರಾಜು ಅವರ ದೀರ್ಘ ಪ್ರಯತ್ನದ ನಂತರ 2012ರಲ್ಲಿ 3.5 ಆವೃತ್ತಿಗೆ ಬಂತು.

ಕೆಪ್ರೋಬ್ಸ್ ಕೆಲಸ ಮಾಡುವ ರೀತಿ ಸರಳವೂ ಚತುರವೂ ಆಗಿದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ನಲ್ಲಿ ಬ್ರೇಕ್‌ಪಾಯಿಂಟ್ ಸೂಚನೆಗೆ ಒಂದೇ ಬೈಟ್ ಸಾಕು, ಆದ್ದರಿಂದ ಎಷ್ಟೇ ಚಿಕ್ಕ ಸೂಚನೆಯ ಮೇಲೂ ಅದನ್ನು ಕೂರಿಸಬಹುದು. ಅಲ್ಲಿದ್ದ ಮೂಲ ಸೂಚನೆಯ ಪ್ರತಿಯನ್ನು ಬೇರೊಂದು ಜಾಗದಲ್ಲಿ ಇಟ್ಟುಕೊಂಡು, ಬ್ರೇಕ್‌ಪಾಯಿಂಟ್ ತಗುಲಿದಾಗ ಪ್ರೋಬ್‌ನ ಕೆಲಸ ಮುಗಿಸಿ, ಆ ಪ್ರತಿಯನ್ನು ಅದರ ಹೊಸ ಜಾಗದಲ್ಲೇ ನಡೆಸಿ, ನಂತರ ಹಾದಿಗೆ ಮರಳಲಾಗುತ್ತದೆ. ಮೂಲ ಸೂಚನೆಯನ್ನು ಸ್ವಸ್ಥಾನಕ್ಕೆ ತಾತ್ಕಾಲಿಕವಾಗಿ ಮರಳಿಸಿ ನಡೆಸಿದ್ದರೆ, ಆ ಕ್ಷಣದಲ್ಲಿ ಬೇರೆ ಪ್ರೊಸೆಸರ್ ಅದೇ ಹಾದಿಯಲ್ಲಿ ಹೋದಾಗ ಘಟನೆ ದಾಖಲಾಗದೆ ಜಾರಿಹೋಗುತ್ತಿತ್ತು; ಪ್ರತಿಯನ್ನು ಬೇರೆಡೆ ನಡೆಸುವ ಉಪಾಯ ಆ ಬಿರುಕನ್ನು ಮುಚ್ಚುತ್ತದೆ.

ಇದರ ಮೇಲೆ 2005ರಲ್ಲಿ ರೆಡ್ ಹ್ಯಾಟ್, ಐಬಿಎಂ, ಇಂಟೆಲ್ ಮತ್ತು ಹಿಟಾಚಿ ಸಂಸ್ಥೆಗಳ ಎಂಜಿನಿಯರುಗಳು ಸಿಸ್ಟಮ್‌ಟ್ಯಾಪ್ ಕಟ್ಟಿದರು. ಸ್ಕ್ರಿಪ್ಟನ್ನು ಸಿ ಭಾಷೆಗೆ ತಿರುಗಿಸಿ, ಕರ್ನಲ್ ಮಾಡ್ಯೂಲ್ ಆಗಿ ಕಂಪೈಲ್ ಮಾಡಿ, ನಡೆಯುತ್ತಿರುವ ಕರ್ನಲ್‌ಗೆ ಅದನ್ನು ಸೇರಿಸುವ ಈ ವ್ಯವಸ್ಥೆ ಲೂಪ್‌ಗೂ ಫಂಕ್ಷನ್‌ಗೂ ಅವಕಾಶ ಕೊಟ್ಟಿತು. ಅಪಾಯವನ್ನು ತಡೆಯಲು ಒಂದು ಪ್ರೋಬ್‌ನಲ್ಲಿ ಎಷ್ಟು ಹೇಳಿಕೆಗಳು ನಡೆದವೆಂದು ನಡೆಯುವಾಗಲೇ ಎಣಿಸಿ, ಸಾವಿರದ ಆಸುಪಾಸಿನ ಪೂರ್ವನಿಗದಿತ ಮಿತಿ ದಾಟಿದರೆ ಸ್ಕ್ರಿಪ್ಟನ್ನು ನಿಲ್ಲಿಸುತ್ತದೆ. ಭಾಷೆ ಹೀಗೆ ಶ್ರೀಮಂತವಾಯಿತು, ಆದರೆ ಅದನ್ನು ಬಳಸಲು ಕಂಪೈಲರ್ ಮತ್ತು ಕರ್ನಲ್‌ನ ಭಾರಿ ಗಾತ್ರದ ಡೀಬಗ್ ಮಾಹಿತಿ ಬೇಕಾಯಿತು, ಜೊತೆಗೆ ಸಾಕ್ಷಾತ್ ಯಂತ್ರಭಾಷೆಯ ಮಾಡ್ಯೂಲ್ ಒಂದನ್ನು ಕರ್ನಲ್‌ಗೆ ಸೇರಿಸುವ ಧೈರ್ಯವೂ ಬೇಕಾಯಿತು. ಸಿಸ್ಟಮ್‌ಟ್ಯಾಪ್ ಇಂದಿಗೂ ಸಮರ್ಥ ಸಾಧನವೇ. ಆದರೂ ಡಿಟ್ರೇಸ್‌ಗೆ ದೊರೆತ ನಿಶ್ಚಿಂತ ನಂಬಿಕೆ ಅದಕ್ಕೆ ದೊರೆಯದಿದ್ದುದಕ್ಕೆ ಈ ಔದಾರ್ಯವೇ ಮುಖ್ಯ ಕಾರಣವೆನ್ನಬೇಕು.

ಮೂರನೆಯ ದಾರಿ ನೆಟ್‌ವರ್ಕ್ ಜಗತ್ತಿನಿಂದ ಬಂತು. ಪ್ಯಾಕೆಟ್‌ಗಳನ್ನು ಕರ್ನಲ್‌ನೊಳಗೇ ಸೋಸಲು ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿ 1993ರಲ್ಲಿ ಪ್ರಕಟಿಸಿದ ಬಿಪಿಎಫ್ ಎಂಬ ಪುಟ್ಟ ಕಾಲ್ಪನಿಕ ಯಂತ್ರವನ್ನು ಅಲೆಕ್ಸಿ ಸ್ಟಾರೊವೊಯ್ಟೊವ್ ವಿಸ್ತರಿಸಿದರು. ಇಬಿಪಿಎಫ್ ಎಂದು ಹೆಸರಾದ ಅದು 2014ರ ಕೊನೆಯಲ್ಲಿ ಲಿನಕ್ಸ್ 3.18ರಲ್ಲಿ ಬಳಕೆಗೆ ಸಿಕ್ಕಿ, ಮರುವರ್ಷ ಕೆಪ್ರೋಬ್ಸ್‌ಗೆ ಜೋಡಣೆಯಾಯಿತು. ಇಲ್ಲಿ ಸುರಕ್ಷತೆಯ ಹೊಣೆ ವೆರಿಫೈಯರ್‌ನದು: ಕೋಡ್ ನಡೆಯುವ ಮೊದಲೇ ಅದರ ಸಾಧ್ಯ ಹಾದಿಗಳನ್ನೆಲ್ಲ ನಡೆದು ನೋಡಿ, ಪ್ರತಿ ಮೆಮೊರಿ ಓದು ಮಿತಿಯೊಳಗಿದೆಯೇ, ಕೋಡ್ ಮುಗಿಯುತ್ತದೆಯೇ ಎಂದು ಸಾಬೀತಾದರೆ ಮಾತ್ರ ಅದು ಒಳಗೆ ಬಿಡುತ್ತದೆ. ಸ್ಟ್ಯಾಕ್‌ಗೆ 512 ಬೈಟ್ ಮಾತ್ರ. ಮೊದಲು 4096 ಸೂಚನೆಗಳ ಮಿತಿಯಿತ್ತು, 2019ರ 5.2 ಆವೃತ್ತಿಯಲ್ಲಿ ಅದು ಹತ್ತು ಲಕ್ಷಕ್ಕೇರಿತು, ಅದರ ಮುಂದಿನ ಆವೃತ್ತಿಯಲ್ಲಿ ಕೊನೆಯಿದೆಯೆಂದು ತೋರಿಸಬಲ್ಲ ಲೂಪ್‌ಗಳಿಗೂ ಅನುಮತಿ ದೊರೆಯಿತು. ಡಿಟ್ರೇಸ್ ನಿಷೇಧಿಸಿದ್ದನ್ನು ಇಬಿಪಿಎಫ್ ಪುರಾವೆ ಕೇಳಿ ಬಿಟ್ಟುಕೊಟ್ಟಿತು. ಇದರ ಮೇಲೆ ಅಲಸ್ಟೇರ್ ರಾಬರ್ಟ್‌ಸನ್ ಆರಂಭಿಸಿದ, 2018ರಲ್ಲಿ ಹೆಚ್ಚು ಜನರ ಗಮನಕ್ಕೆ ಬಂದ ಬಿಪಿಎಫ್‌ಟ್ರೇಸ್ ಭಾಷೆ ಡಿ ಭಾಷೆಯ ನೇರ ವಂಶಸ್ಥ.

ಬಿಪಿಎಫ್‌ಟ್ರೇಸ್‌ನ ಚಿಕ್ಕ ಸ್ಕ್ರಿಪ್ಟ್ ಒಂದನ್ನು ಹತ್ತಿರದಿಂದ ನೋಡಬಹುದು. ರೀಡ್ ಎಂಬ ಸಿಸ್ಟಮ್ ಕಾಲ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ತಿಳಿಯಬೇಕಿದೆ ಎನ್ನೋಣ. ಮೊದಲ ಪ್ರೋಬ್ ರೀಡ್‌ನ ಪ್ರವೇಶದಲ್ಲಿದ್ದು, ಆ ಕ್ಷಣದ ಸಮಯವನ್ನು ನ್ಯಾನೋಸೆಕೆಂಡ್‌ಗಳಲ್ಲಿ ಥ್ರೆಡ್‌ನ ಸಂಖ್ಯೆಯ ಕೆಳಗೆ ಬರೆದಿಡುತ್ತದೆ. ಪ್ರಕ್ರಿಯೆಯ ಸಂಖ್ಯೆಯನ್ನು ಬಳಸಿದ್ದರೆ ಒಂದೇ ಪ್ರಕ್ರಿಯೆಯ ಹಲವು ಥ್ರೆಡ್‌ಗಳು ಒಂದರ ಗುರುತನ್ನು ಇನ್ನೊಂದು ಅಳಿಸಿಬಿಡುತ್ತಿದ್ದವು. ಎರಡನೆಯ ಪ್ರೋಬ್ ನಿರ್ಗಮನದಲ್ಲಿದ್ದು, ಈಗಿನ ಸಮಯದಿಂದ ಬರೆದಿಟ್ಟ ಸಮಯವನ್ನು ಕಳೆದು, ಉತ್ತರವನ್ನು ಹಿಸ್ಟೋಗ್ರಾಮ್‌ಗೆ ಸೇರಿಸಿ, ಗುರುತನ್ನು ಅಳಿಸುತ್ತದೆ. ಈ ಎರಡನೆಯದಕ್ಕೆ ಒಂದು ಷರತ್ತು ಅಗತ್ಯ: ಆ ಥ್ರೆಡ್‌ಗೆ ಆರಂಭದ ಸಮಯ ದಾಖಲಾಗಿರಬೇಕು. ಸ್ಕ್ರಿಪ್ಟ್ ಶುರುವಾಗುವ ಮೊದಲೇ ರೀಡ್‌ನ ಒಳಗೆ ಸಿಲುಕಿದ್ದ ಥ್ರೆಡ್ ಆಮೇಲೆ ಹೊರಬಂದಾಗ ಅದರ ಆರಂಭ ಸಮಯ ಶೂನ್ಯವೆಂದೇ ಓದಲ್ಪಡುತ್ತದೆ, ಆಗ ವ್ಯತ್ಯಾಸವೆಂದು ಬರುವುದು ಯಂತ್ರ ಬೂಟ್ ಆದಂದಿನಿಂದ ಕಳೆದ ಒಟ್ಟು ಕಾಲ. ಷರತ್ತನ್ನು ಮರೆತ ಸ್ಕ್ರಿಪ್ಟ್ ಹೀಗೆ ಒಂದು ರೀಡ್‌ಗೆ ಹಲವು ದಿನ ಹಿಡಿಯಿತೆಂದು ಪೂರ್ಣ ಗಾಂಭೀರ್ಯದಿಂದ ವರದಿ ಮಾಡುತ್ತದೆ, ಮತ್ತು ವೆರಿಫೈಯರ್‌ಗೆ ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ, ಏಕೆಂದರೆ ಅದು ಕಾಯುವುದು ಕರ್ನಲ್‌ನ ಕ್ಷೇಮವನ್ನು, ಉತ್ತರದ ಸತ್ಯವನ್ನಲ್ಲ.

ಫಲಿತಾಂಶ ಎರಡರ ಘಾತಗಳ ಸಾಲುಗಳಲ್ಲಿ ಬರುತ್ತದೆ. ಮೆಮೊರಿಯಲ್ಲೇ ಸಿಕ್ಕ ಓದುಗಳು ಕೆಲವು ಮೈಕ್ರೋಸೆಕೆಂಡ್‌ಗಳ ಬಳಿ ಒಂದು ದಿಬ್ಬವಾಗಿಯೂ, ತಿರುಗುವ ಡಿಸ್ಕ್‌ವರೆಗೆ ಹೋದವು ಮಿಲಿಸೆಕೆಂಡ್‌ಗಳ ಬಳಿ ಇನ್ನೊಂದಾಗಿಯೂ ಕಾಣುತ್ತವೆ. ಸರಾಸರಿಯನ್ನಷ್ಟೇ ಕೇಳಿದ್ದರೆ ಬರುತ್ತಿದ್ದ ಸಂಖ್ಯೆ ಇವೆರಡರ ನಡುವೆ, ಹೆಚ್ಚುಕಡಿಮೆ ಯಾವ ಓದೂ ಇಲ್ಲದ ಬಯಲಿನಲ್ಲಿ ಬೀಳುತ್ತಿತ್ತು. ಪ್ರೊಫೈಲಿಂಗ್‌ನಲ್ಲೂ ಇಂಥದೇ ಸೂಕ್ಷ್ಮವಿದೆ: ಸ್ಕ್ರಿಪ್ಟ್‌ಗಳು ಸೆಕೆಂಡಿಗೆ 100ರ ಬದಲು 99, 1000ದ ಬದಲು 997 ಸಲ ಮಾದರಿ ತೆಗೆಯುವುದು, ಕರ್ನಲ್‌ನ ನಿಯತಕಾಲಿಕ ಕೆಲಸಗಳ ತಾಳಕ್ಕೆ ಮಾದರಿಯ ತಾಳವೂ ಕೂಡಿಕೊಂಡು ಅವೇ ಕೆಲಸಗಳು ಪ್ರತಿ ಸಲ ಕಾಣುವಂತೆ ಅಥವಾ ಎಂದೂ ಕಾಣದಂತೆ ಆಗಬಾರದೆಂದು.

ಭಾಷೆಯ ವಿನ್ಯಾಸ ಎಷ್ಟೇ ಉತ್ತಮವಾಗಿದ್ದರೂ ನೀಗದ ತೊಡಕುಗಳು ಅಳೆಯಲ್ಪಡುವ ಕೋಡ್‌ನಲ್ಲೇ ಇವೆ. ಕಂಪೈಲರ್ ಒಂದು ಚಿಕ್ಕ ಫಂಕ್ಷನನ್ನು ಅದನ್ನು ಕರೆಯುವ ಫಂಕ್ಷನ್‌ನ ಒಳಗೇ ಹರಡಿಬಿಟ್ಟರೆ ಪ್ರೋಬ್ ಹಾಕಲು ಪ್ರವೇಶದ್ವಾರವೇ ಉಳಿಯುವುದಿಲ್ಲ. ಕೆಲವು ಕರೆಗಳಲ್ಲಿ ಮಾತ್ರ ಹಾಗೆ ಮಾಡಿದರೆ ಇನ್ನೂ ಕಷ್ಟ, ಸ್ಕ್ರಿಪ್ಟ್ ಉತ್ತರ ಕೊಡುತ್ತದೆ, ಆದರೆ ಆ ಎಣಿಕೆ ಸದ್ದಿಲ್ಲದೆ ಕಡಿಮೆಯಾಗಿರುತ್ತದೆ. ಕರ್ನಲ್‌ನ ಒಳಗಿನ ಫಂಕ್ಷನ್ ಹೆಸರುಗಳನ್ನು ನಂಬಿದ ಡಿಸ್ಕ್ ಅಳತೆಯ ಸ್ಕ್ರಿಪ್ಟ್‌ಗಳು ಆವೃತ್ತಿ ಬದಲಾದಾಗ ಮುರಿದದ್ದುಂಟು. ನಿರ್ವಾಹಕರು ಹೆಸರಿಟ್ಟು ಕಾಪಾಡುವ ಟ್ರೇಸ್‌ಪಾಯಿಂಟ್‌ಗಳು ಲಭ್ಯವಿರುವಲ್ಲಿ ಅವನ್ನೇ ಆರಿಸಿಕೊಳ್ಳುವುದು ಮೇಲು.

ಸ್ಟ್ಯಾಕ್‌ನ ಜಾಡಿನದು ಇನ್ನೊಂದು ತೊಡಕು. ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತೆಂಬುದನ್ನು ಕರ್ನಲ್‌ನ ಒಳಗಿನಿಂದ ಕಡಿಮೆ ಖರ್ಚಿನಲ್ಲಿ ಓದಲು ಫ್ರೇಮ್ ಪಾಯಿಂಟರ್‌ಗಳ, ಅಂದರೆ ಪ್ರತಿ ಕರೆಯೂ ತನ್ನ ಹಿಂದಿನದರ ವಿಳಾಸವನ್ನು ಇಟ್ಟುಕೊಳ್ಳುವ ಸರಪಳಿಯ, ನೆರವು ಬೇಕು. ಒಂದು ರಿಜಿಸ್ಟರ್ ಉಳಿಸುವ ಆಸೆಯಿಂದ ಕಂಪೈಲರ್‌ಗಳು ವರ್ಷಗಟ್ಟಲೆ ಆ ಸರಪಳಿಯನ್ನು ಕೈಬಿಟ್ಟಿದ್ದವು. ಬ್ರೆಂಡನ್ ಗ್ರೆಗ್ 2011ರಲ್ಲಿ ರೂಪಿಸಿದ ಫ್ಲೇಮ್ ಗ್ರಾಫ್ ಚಿತ್ರಗಳು ಇದರಿಂದಾಗಿ ಬಳಕೆದಾರರ ಪ್ರೋಗ್ರಾಮ್‌ಗಳ ಮಟ್ಟಿಗೆ ತುಂಡುತುಂಡಾಗಿ ಬರುತ್ತಿದ್ದವು. ಫೆಡೋರಾ ವಿತರಣೆಯ ತಾಂತ್ರಿಕ ಸಮಿತಿ ಆ ಸರಪಳಿಯನ್ನು ಮರಳಿಸುವ ಪ್ರಸ್ತಾವವನ್ನು, ಎಲ್ಲ ಬಳಕೆದಾರರೂ ತೆರಬೇಕಾದ ವೇಗದ ನಷ್ಟದ ಕಾರಣಕ್ಕೆ, ಮೊದಲು ತಿರಸ್ಕರಿಸಿ, 2023ರ ಜನವರಿಯಲ್ಲಿ ಮರುಪರಿಶೀಲಿಸಿ ಒಪ್ಪಿಕೊಂಡಿತು. ಮರುವರ್ಷ ಉಬುಂಟು 24.04 ಕೂಡ ಅದೇ ಹಾದಿ ಹಿಡಿಯಿತು. ಯಾರೂ ಅಳೆಯದಿರುವಾಗ ಪ್ರೋಬ್‌ಗೆ ಖರ್ಚೇ ಇರಬಾರದೆಂಬ 2004ರ ನಿಯಮವನ್ನು ಈ ನಿರ್ಧಾರ ಸಣ್ಣ ಪ್ರಮಾಣದಲ್ಲಿ ಸಡಿಲಿಸುತ್ತದೆ. ಅಳತೆಗೆ ಒದಗುವುದು ಪ್ರತಿ ಪ್ರೋಗ್ರಾಮ್‌ನ ಸಾಮಾನ್ಯ ಗುಣವಾಗಿರಬೇಕೆಂಬ ನಿಲುವು ಅದರ ಹಿಂದಿದೆ, ಮತ್ತು ಆ ನಿಲುವಿಗೆ ತೆರುವ ಬೆಲೆ ನ್ಯಾಯವಾದದ್ದು.